ಡಬ್ಬದೊಳಗಿನ ಆಂಟೆನಾ: ಕಂಪ್ಯೂಟರ್ ಹೇಳಿದ್ದೆಷ್ಟು, ನಾವು ಊಹಿಸಿಕೊಂಡಿದ್ದೆಷ್ಟು

ಹೊಸ ವೈ-ಫೈ ರೂಟರ್‌ಗಳಲ್ಲಿ ಎಷ್ಟೋ ಮಾದರಿಗಳಿಗೆ ಕೊಂಬುಗಳೇ ಇಲ್ಲ. ಆಂಟೆನಾಗಳೆಲ್ಲ ಪ್ಲಾಸ್ಟಿಕ್ ಡಬ್ಬದೊಳಗೆ ಅಡಗಿವೆ. ಕೆಲಸ ಮಾತ್ರ ಹೆಚ್ಚಾಗಿದೆ. 2.4 ಗಿಗಾಹರ್ಟ್ಸ್‌ನ ವೈ-ಫೈ ಪಟ್ಟಿಯ ಅಗಲ ಅದರ ನಡು ಆವರ್ತನದ ಶೇ. 3.5ರಷ್ಟನ್ನೂ ಮುಟ್ಟುವುದಿಲ್ಲ. ಅಮೆರಿಕದಲ್ಲಿ 2020ರಲ್ಲಿ 6 ಗಿಗಾಹರ್ಟ್ಸ್ ಪಟ್ಟಿ ತೆರೆದ ಮೇಲೆ 5.15ರಿಂದ 7.125ರವರೆಗೆ ಒಂದೇ ಆಂಟೆನಾ ದುಡಿಯಬೇಕೆಂದರೆ ಆ ಅಗಲ ಶೇ. 32. ಇಂಥದ್ದನ್ನು ಕಂಪ್ಯೂಟರಿನಲ್ಲಿ ಸಿಮ್ಯುಲೇಷನ್ ಮಾಡದೆ ಯಾರೂ ತಯಾರಿಸುವುದಿಲ್ಲ. ಆದರೆ ಆ ಸಿಮ್ಯುಲೇಷನ್ ಬಗ್ಗೆ ಎಂಜಿನಿಯರುಗಳಲ್ಲೂ ಕೆಲವು ನಂಬಿಕೆಗಳು ಬೇರು ಬಿಟ್ಟಿವೆ.

“ಎಸ್‌11 ಗೆರೆ −10 ಡೆಸಿಬೆಲ್ ಕೆಳಗಿದ್ದರೆ ಆಂಟೆನಾ ಗೆದ್ದಂತೆ.”

ಆ ಗೆರೆ ಹೇಳುವುದು ಒಂದೇ ಮಾತು: ಕಳಿಸಿದ ಶಕ್ತಿಯಲ್ಲಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ ಹಿಂದಿರುಗಿದೆ. ಉಳಿದದ್ದು ಗಾಳಿಗೆ ಹೋಯಿತೋ, ಬೋರ್ಡಿನಲ್ಲಿ ಬಿಸಿಯಾಗಿ ಕರಗಿತೋ, ಪಕ್ಕದ ಆಂಟೆನಾ ನುಂಗಿತೋ ಗೆರೆಗೆ ಗೊತ್ತಿಲ್ಲ. 50 ಓಮ್‌ನ ಒಂದು ರೆಸಿಸ್ಟರ್ ಕೂರಿಸಿ ನೋಡಿ, ಗೆರೆ ಪಾತಾಳಕ್ಕಿಳಿಯುತ್ತದೆ. ಪ್ರಸಾರ ಹೆಚ್ಚುಕಡಿಮೆ ಸೊನ್ನೆ. ನನ್ನನ್ನು ಕೇಳಿದರೆ, ಅಗಲವಾದ ಪಟ್ಟಿಯುದ್ದಕ್ಕೂ ಸಪಾಟಾಗಿ ಕೆಳಗಿರುವ ಗೆರೆ ಕಂಡಾಗ ಮೊದಲು ಬರಬೇಕಾದದ್ದು ಅನುಮಾನ. ನಷ್ಟ ಹೆಚ್ಚಿದ್ದಷ್ಟೂ ಬ್ಯಾಂಡ್ ಅಗಲವಾಗಿ ಕಾಣುತ್ತದೆ. −6 ಡೆಸಿಬೆಲ್‌ನಲ್ಲೇ ನಿಂತು, ಕಾಲು ಭಾಗ ಶಕ್ತಿ ವಾಪಸಾದರೂ ಉಳಿದದ್ದನ್ನು ಪ್ರಾಮಾಣಿಕವಾಗಿ ಹೊರಸೂಸುವ ಆಂಟೆನಾ ಎಷ್ಟೋ ವಾಸಿ. ನೋಡಬೇಕಾದದ್ದು ಒಟ್ಟು ದಕ್ಷತೆಯನ್ನು, ಅಂದರೆ ಕಳಿಸಿದ ಶಕ್ತಿಯಲ್ಲಿ ಗಾಳಿಗೆ ಹೋದ ಪಾಲನ್ನು.

“ಆಂಟೆನಾ ಅಂದರೆ ಮೂಲೆಯಲ್ಲಿರುವ ಆ ತಾಮ್ರದ ತುಂಡು.”

ಎಲ್ಲಕ್ಕಿಂತ ದುಬಾರಿ ತಪ್ಪು ಇದು. 2.4 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 12.5 ಸೆಂಟಿಮೀಟರ್, ಅದರ ಕಾಲು ಭಾಗದ ತುಂಡೊಂದನ್ನು ಬೋರ್ಡಿನ ಅಂಚಿಗೆ ಹಚ್ಚಿದಾಗ ಕರೆಂಟು ಇಡೀ ಗ್ರೌಂಡ್ ಪದರದ ಮೇಲೆ ಹರಿದಾಡುತ್ತದೆ. ಪ್ರಸಾರದ ದೊಡ್ಡ ಪಾಲು ಬೋರ್ಡಿನದ್ದೇ. ಹಾಗಾಗಿ ಖಾಲಿ ಬೋರ್ಡಿನ ಮೇಲೆ ಸೊಗಸಾಗಿ ನಡೆದ ವಿನ್ಯಾಸ, ಹೀಟ್‌ಸಿಂಕ್, ಶೀಲ್ಡ್ ಡಬ್ಬಿ, ಎತರ್ನೆಟ್ ಸಾಕೆಟ್ ಬಂದು ಕೂತ ಮೇಲೆ ಬೇರೆಯದೇ ಆಗಿಬಿಡುತ್ತದೆ. ಪ್ಲಾಸ್ಟಿಕ್ ಹೊದಿಕೆ ಹತ್ತಿರ ಬಂದರೂ ಸಾಕು, ಅನುರಣನ ಕೆಳಗಿನ ಆವರ್ತನಕ್ಕೆ ಸರಿಯುತ್ತದೆ. ಕಪ್ಪು ಬಣ್ಣಕ್ಕೆಂದು ಪ್ಲಾಸ್ಟಿಕ್‌ಗೆ ಕಾರ್ಬನ್ ಬೆರೆಸಿದ್ದರೆ, ಹೊರಗೆ ಮಿರುಗುವ ಲೋಹದ ಪೇಂಟ್ ಬಳಿದಿದ್ದರೆ ನಷ್ಟವೂ ಸೇರಿಕೊಳ್ಳುತ್ತದೆ. ಆ ಬಣ್ಣವನ್ನು ಆರಿಸಿದವರಿಗೂ ಆಂಟೆನಾ ವಿಭಾಗಕ್ಕೂ ಮಾತುಕತೆ ಇರುವುದು ಅಪರೂಪ. ಎಫ್‌ಆರ್‌4 ಬೋರ್ಡಿನ ಡೈಎಲೆಕ್ಟ್ರಿಕ್ ಸ್ಥಿರಾಂಕ 4.4 ಎಂದು ಕಣ್ಣುಮುಚ್ಚಿ ತುಂಬುವುದೂ ಇದೇ ಜಾತಿಯ ತಪ್ಪು. ಅದು ತಯಾರಕರಿಂದ ತಯಾರಕರಿಗೆ, ಆವರ್ತನದಿಂದ ಆವರ್ತನಕ್ಕೆ ಬದಲಾಗುತ್ತದೆ.

“ಮೆಶ್ ಸಣ್ಣದಾದಷ್ಟೂ ಉತ್ತರ ನಿಖರ.”

ಮೆಶ್ ಎಂದರೆ ಲೆಕ್ಕಕ್ಕಾಗಿ ಜಾಗವನ್ನು ಪುಟ್ಟ ಕೋಶಗಳಾಗಿ ಕತ್ತರಿಸಿದ ಬಲೆ. ಆ ಕೋಶಗಳಲ್ಲಿ ಕ್ಷೇತ್ರಗಳನ್ನು ಕಾಲದ ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುವ, ಕೇನ್ ಯೀ 1966ರಲ್ಲಿ ಪ್ರಕಟಿಸಿದ ಎಫ್‌ಡಿಟಿಡಿ ವಿಧಾನ ಅಗಲ ಬ್ಯಾಂಡಿಗೆ ಹೇಳಿ ಮಾಡಿಸಿದ್ದು. ಒಂದು ಚಿಕ್ಕ ಪಲ್ಸ್ ಹಾಯಿಸಿ, ಬಂದ ಪ್ರತಿಕ್ರಿಯೆಗೆ ಫೂರಿಯೆ ಪರಿವರ್ತನೆ ಮಾಡಿದರೆ ಇಡೀ ಪಟ್ಟಿಯ ಉತ್ತರ ಒಂದೇ ಓಟದಲ್ಲಿ ಸಿಗುತ್ತದೆ. ಆದರೆ ಮೆಶ್‌ನ ಅಳತೆಯನ್ನು ಅರ್ಧಕ್ಕಿಳಿಸಿದರೆ ಕೋಶಗಳು ಎಂಟು ಪಟ್ಟು, ಕಾಲದ ಹೆಜ್ಜೆಗಳು ಎರಡು ಪಟ್ಟು. ಒಟ್ಟು ಲೆಕ್ಕ 16 ಪಟ್ಟು. ಪ್ಲಾಸ್ಟಿಕ್‌ನ ಸ್ಥಿರಾಂಕವನ್ನೇ ಅಂದಾಜಿನಲ್ಲಿ ತುಂಬಿದವರು ಆ ಬೆಲೆ ತೆತ್ತು ಗಳಿಸುವುದೇನು? ಆಂಟೆನಾಗೆ ಶಕ್ತಿ ಸೇರುವ ಫೀಡ್ ಜಾಗದಲ್ಲಿ, ತೆಳು ಸಂದುಗಳಲ್ಲಿ ಸಣ್ಣ ಕೋಶ ಬೇಕು. ಬೇರೆಡೆ ಅತಿ ಚಿಕ್ಕ ತರಂಗಾಂತರದ ಹದಿನೈದು ಇಪ್ಪತ್ತನೇ ಒಂದು ಭಾಗ ಸಾಮಾನ್ಯವಾಗಿ ಸಾಕು. ಅದಕ್ಕಿಂತ ಹೆಚ್ಚಿನ ಗಮನ ಸಲ್ಲಬೇಕಾದದ್ದು ಪಲ್ಸ್ ಪೂರ್ತಿ ಅಡಗುವ ಮೊದಲೇ ಓಟ ನಿಲ್ಲಿಸುವ ಆತುರಕ್ಕೆ. ಹಾಗೆ ನಿಲ್ಲಿಸಿದರೆ ಗೆರೆಯಲ್ಲಿ ಇಲ್ಲದ ಅಲೆಗಳು ಏಳುತ್ತವೆ.

“ಒಳ್ಳೆಯ ಆಪ್ಟಿಮೈಸರ್ ಇದ್ದರೆ ಎಷ್ಟು ಚಿಕ್ಕ ಜಾಗದಲ್ಲೂ ಅಗಲ ಬ್ಯಾಂಡ್ ಸಿಗುತ್ತದೆ.”

ಇಲ್ಲ. 1947ರಲ್ಲಿ ವೀಲರ್, 1948ರಲ್ಲಿ ಚು ಎಂಬ ಎಂಜಿನಿಯರುಗಳು ಇದಕ್ಕೆ ಗಡಿ ಹಾಕಿದ್ದಾರೆ. ಗಾತ್ರ, ಬ್ಯಾಂಡ್, ದಕ್ಷತೆ ಮೂರರಲ್ಲಿ ಒಂದನ್ನು ಬಿಟ್ಟುಕೊಡಲೇಬೇಕು.

“ಪಟ್ಟಿಯುದ್ದಕ್ಕೂ ಹೊಂದಿಕೆಯಾದರೆ ಅಲ್ಟ್ರಾ ವೈಡ್‌ಬ್ಯಾಂಡಿಗೂ ಆಯಿತು.”

ಹೋಮ್‌ಪಾಡ್ ಮಿನಿಯಂಥ ಮನೆಯ ಸ್ಪೀಕರಿಗೂ ಅಲ್ಟ್ರಾ ವೈಡ್‌ಬ್ಯಾಂಡ್ ಚಿಪ್ ಬಂದಿದೆ. ಅಲ್ಲಿ ಪಲ್ಸ್ ಮುಟ್ಟಿದ ಸಮಯದಿಂದಲೇ ದೂರದ ಲೆಕ್ಕ. ಲಾಗ್-ಪೀರಿಯಾಡಿಕ್ ಆಂಟೆನಾ ವಿಶಾಲ ಪಟ್ಟಿಗೆ ಹೊಂದುತ್ತದೆ, ಆದರೆ ಒಂದೊಂದು ಆವರ್ತನ ಅದರ ಒಂದೊಂದು ಜಾಗದಿಂದ ಹೊರಡುವುದರಿಂದ ಪಲ್ಸ್ ಎಳೆದುಹೋಗುತ್ತದೆ. ದಿಕ್ಕಿಗೊಂದರಂತೆ ವಿಳಂಬ 0.1 ನ್ಯಾನೊಸೆಕೆಂಡ್ ಬದಲಾದರೂ ದೂರ 3 ಸೆಂಟಿಮೀಟರ್ ತಪ್ಪುತ್ತದೆ. ಎಸ್‌11 ಗೆರೆಯಲ್ಲಿ ಇದರ ಸುಳಿವೂ ಇರದು.

“ಅಳತೆ ಬೇರೆ ಬಂದರೆ ಸಿಮ್ಯುಲೇಷನ್ ಸುಳ್ಳು.”

ಸುಳ್ಳು ಹೇಳುತ್ತಿರುವುದು ಅಳತೆಯೇ ಇರಬಹುದು. ಚಿಕ್ಕ ಬೋರ್ಡಿಗೆ ಪರೀಕ್ಷೆಯ ಕೇಬಲ್ ಬೆಸೆದ ಕ್ಷಣವೇ ಗ್ರೌಂಡ್‌ನ ಕರೆಂಟು ಕೇಬಲ್ಲಿನ ಹೊರಮೈಗೂ ಇಳಿಯುತ್ತದೆ, ಕೇಬಲ್ಲೂ ಆಂಟೆನಾ ಆಗುತ್ತದೆ. ಕೇಬಲ್ಲನ್ನು ಕೈಯಲ್ಲಿ ಹಿಡಿದು ಸವರಿ ನೋಡಿ. ಪರದೆಯ ಮೇಲಿನ ಗೆರೆ ಅಲುಗಿದರೆ ಅದೇ ಪುರಾವೆ. ಫೆರೈಟ್ ತೊಡಿಸುವುದು ಒಂದು ದಾರಿ. ಇನ್ನೊಂದು, ಕೇಬಲ್ಲನ್ನೂ ಮಾದರಿಯೊಳಗೆ ಬರೆದು ಮತ್ತೆ ಓಡಿಸುವುದು. ಆಗ ಎಷ್ಟೋ ಸಲ ಎರಡು ಗೆರೆಗಳೂ ಹತ್ತಿರ ಬರುತ್ತವೆ.