ಅಡಿಕೆ ಸಸಿಗಳಿಗೆ ನೆರಳುಮನೆ

1889ರಲ್ಲಿ ಶಂಕುಸ್ಥಾಪನೆಯಾದ ಲಾಲ್‌ಬಾಗಿನ ಗಾಜಿನ ಮನೆಯನ್ನು ನೋಡಿಬಂದ ಜಮೀನುದಾರರು ಅಂತಹುದನ್ನೇ ತೋಟದಲ್ಲಿ ಕಟ್ಟಬಯಸುವುದುಂಟು. ಶೀತದೇಶಗಳಲ್ಲಿ ಗಾಜು ಶಾಖವನ್ನು ಹಿಡಿದಿಟ್ಟು ಗಿಡವನ್ನು ಕಾಯುವುದು; ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಬೇಸಿಗೆಯಲ್ಲಿ ಅದೇ ಶಾಖವು ಎಳೆಯ ಅಡಿಕೆ ಸಸಿಯನ್ನು ಬಾಡಿಸುವುದು. ಅಡಿಕೆಯು ಫಲಕ್ಕೆ ಬರಲು ಐದಾರು ವರ್ಷಗಳಾದರೂ ಹಿಡಿಯುವುದರಿಂದ ಸಸಿಮಡಿಯ ತಪ್ಪನ್ನು ಬಹುಕಾಲ ಅನುಭವಿಸಬೇಕಾಗುವುದು.

ಬಾವಿಯ ಸಮೀಪ, ನೀರು ನಿಲ್ಲದ ನೆಲದಲ್ಲಿ 7 ಅಡಿ ಎತ್ತರದ ಕಲ್ಲುಕಂಬಗಳನ್ನು ನೆಟ್ಟು, ಬಿದಿರಿನ ಗಳುಗಳನ್ನು ಹಾಸಿ, ಅರ್ಧ ಬೆಳಕು ಇಳಿಯುವಂತೆ ತೆಂಗಿನ ಗರಿಗಳನ್ನು ವಿರಳವಾಗಿ ಹೊದಿಸತಕ್ಕದ್ದು. ಶೇಕಡಾ 50ರ ನೆರಳುಬಲೆಯೂ ಆಗಬಹುದು. ಗರಿಯಾದರೋ ಮನೆಯಲ್ಲಿಯೇ ಉಂಟು. ಪಡುವಣ ಪಾರ್ಶ್ವಕ್ಕೆ ಹೆಣೆದ ಗರಿಯ ತಡಿಕೆ ಅವಶ್ಯ. ಅಪರಾಹ್ನದ ಬಿಸಿಲೇ ಹೆಚ್ಚು ಕ್ರೂರವಾದುದು. ಸಸಿಗಳ ನಡುವೆ ಒಂದಡಿ ಅಂತರವಿರಲಿ. ನಾಟಿಗೆ ಮುನ್ನ ಗರಿಗಳನ್ನು ಒಮ್ಮೆಲೇ ಕೀಳದೆ, ದಿನಕ್ಕಿಷ್ಟರಂತೆ ತೆಗೆದು ಸಸಿಗಳನ್ನು ಬಿಸಿಲಿಗೆ ಒಗ್ಗಿಸತಕ್ಕದ್ದು.