ಕನ್ನಡಿಯ ಮುಂದೆ ಎರಡು ನಿಮಿಷ

ಬೆಳಗ್ಗಿನ ಅವಸರದಲ್ಲಿ ಮುಖಕ್ಕೆ ಏನು ಹಚ್ಚುತ್ತೇವೆಂದು ನಾವು ಗಮನಿಸುವುದೇ ಇಲ್ಲ. ಕೈ ಒಂದು ಕಡೆ, ಮನಸ್ಸು ಇನ್ನೊಂದು ಕಡೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021–23ರ ನಡುವೆ, ಮುಖ ಬಿಳುಪಾಗಲೆಂದು ಕ್ರೀಮು ಹಚ್ಚುತ್ತಿದ್ದ ಕೆಲವರಿಗೆ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿತು. ಪರೀಕ್ಷಿಸಿದಾಗ ಕ್ರೀಮಿನಲ್ಲಿ ಪಾದರಸ ಪತ್ತೆಯಾಯಿತು. ಹಚ್ಚಿದ್ದು ಮುಖಕ್ಕೆ, ಪೆಟ್ಟು ಬಿದ್ದದ್ದು ಮೂತ್ರಪಿಂಡಕ್ಕೆ!

ತಯಾರಕರ ವಿಳಾಸ, ಒಳಗಿನ ವಸ್ತುಗಳ ಪಟ್ಟಿ ಇಲ್ಲದ ಡಬ್ಬಿ ನಮಗೆ ಬೇಡ. ಹೊಸ ಕ್ರೀಮನ್ನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ಒಂದೆರಡು ದಿನ ಕಾಯೋಣ. ರಾತ್ರಿ ಮುಖ ತೊಳೆಯುವಾಗ ನೀರಿನ ತಂಪನ್ನು, ಬೆರಳಿನ ಸ್ಪರ್ಶವನ್ನು ನಿಧಾನವಾಗಿ ಗಮನಿಸೋಣ. ಉರಿ, ತುರಿಕೆ ಇದ್ದರೆ ಆಗಲೇ ತಿಳಿಯುತ್ತದೆ. ಮಗಳ ಬಣ್ಣದ ಬಗ್ಗೆ ಮನೆಯಲ್ಲಿ ನಾವಾಡುವ ಮಾತನ್ನೂ ಗಮನಿಸೋಣ. ಅನೇಕ ಸಲ ಆ ಡಬ್ಬಿ ಮನೆಗೆ ಬರುವುದು ಆ ಮಾತಿನಿಂದಲೇ.