ಬಟನ್ ಯಾವ ಕೈಯಿಂದ ಒತ್ತಲಿ?

‘ನಿಮಗೆ ಎಂಥ ಸಾಫ್ಟ್‌ವೇರ್ ಬೇಕು?’ ಎಂದು ಕೇಳಿದರೆ ಬಹುತೇಕ ಗ್ರಾಹಕರ ಉತ್ತರ ಒಂದೇ: ‘ಈಗ ಎಕ್ಸೆಲ್‌ನಲ್ಲಿ ಮಾಡುತ್ತಿರುವುದೇ ಸ್ವಲ್ಪ ಬೇಗ ಆಗುವ ಹಾಗೆ ಮಾಡಿಕೊಡಿ.’ ತಪ್ಪು ಅವರದಲ್ಲ. ಕಾಣದ ವಸ್ತುವನ್ನು ಯಾರಾದರೂ ಹೇಗೆ ಕೇಳಿಯಾರು?

ಲಂಡನ್ನಿನ ಸಿಟಿ ಯೂನಿವರ್ಸಿಟಿಯ ನೀಲ್ ಮೇಡನ್ ಮತ್ತು ಸಂಗಡಿಗರು 2000ದ ದಶಕದ ಆರಂಭದಲ್ಲಿ ಇದಕ್ಕೊಂದು ಬೇರೆ ದಾರಿ ಹಿಡಿದರು. ಆಕಾಶದಲ್ಲಿ ಎರಡು ವಿಮಾನಗಳ ಹಾದಿ ಅಡ್ಡಬಂದಾಗ ನಿಯಂತ್ರಕರಿಗೆ ಪರಿಹಾರ ಸೂಚಿಸುವ ‘ಕೋರಾ-2’ ಎಂಬ ಯುರೋಪಿನ ವ್ಯವಸ್ಥೆಗೆ ರಿಕ್ವೈರ್ಮೆಂಟ್ ಸಂಗ್ರಹಿಸಬೇಕಿತ್ತು. ಬರೀ ಸಂದರ್ಶನ ಮಾಡುವ ಬದಲು ಸೃಜನಶೀಲತೆಯ ಕಾರ್ಯಾಗಾರ ನಡೆಸಿದರು. ಅಲ್ಲಿಗೆ ಭಾರತೀಯ ಜವಳಿ ವಿನ್ಯಾಸ ಬಲ್ಲವರನ್ನೂ ಸಂಗೀತ ಸಂಯೋಜನೆ ಬಲ್ಲವರನ್ನೂ ಕರೆಸಿದರು! ಸೀರೆಯ ಅಂಚಿಗೂ ವಿಮಾನಕ್ಕೂ ಏನು ಸಂಬಂಧ ಅನ್ನಬೇಡಿ. ಹೋಲಿಕೆ ಹುಡುಕಲು ಹೊರಟಾಗಲೇ ತಲೆ ಸವೆದ ಹಾದಿ ಬಿಡುವುದು.

ಪುಣೆಯ ಒಂದು ಗೋದಾಮಿನ ದಾಸ್ತಾನು ಸಾಫ್ಟ್‌ವೇರ್‌ಗೆ ನಾವು ಇದನ್ನು ಸಣ್ಣದಾಗಿ ಮಾಡಿದೆವು. ಸಂಗೀತಗಾರರನ್ನು ಕರೆಸುವಷ್ಟು ಬಜೆಟ್ ಎಲ್ಲಿಂದ ಬರಬೇಕು? ನಿಯಮ ಒಂದೇ: ಮೊದಲ ಅರ್ಧ ಗಂಟೆ ಯಾರೂ ಮಾತಾಡುವಂತಿಲ್ಲ. ಚೀಟಿಯಲ್ಲಿ ಬರೆಯಬೇಕು, ಯಾವ ಭಾಷೆಯಾದರೂ ಸರಿ, ಹೆಸರು ಬೇಡ. ಹೊರರಾಜ್ಯದ ಮೀಟಿಂಗುಗಳಲ್ಲಿ ಕೂತ ನಮ್ಮವರಿಗೆ ಇದರ ಬೆಲೆ ಗೊತ್ತು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹಿಂದಿಗೆ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಮುಂದಿನ ವಿಷಯಕ್ಕೆ ಹೋಗಿರುತ್ತದೆ. ಗೋದಾಮಿನಲ್ಲಿ ಸರಕು ಹೊರುವವರದೂ ಅದೇ ಪಾಡು. ಅವರಿಗೆ ಅಡ್ಡ ಬರುವುದು ಭಾಷೆಯಲ್ಲ, ಎದುರಿಗೆ ಕೂತ ಸಾಹೇಬರು.

ಒಂದು ಚೀಟಿಯಲ್ಲಿ ಮರಾಠಿಯಲ್ಲಿ ಹೀಗಿತ್ತು: ‘ಎರಡೂ ಕೈಯಲ್ಲಿ ಪೆಟ್ಟಿಗೆ ಇರುತ್ತದೆ. ಬಟನ್ ಯಾವ ಕೈಯಿಂದ ಒತ್ತಲಿ?’

ಕೋಣೆ ಒಂದು ಕ್ಷಣ ಸುಮ್ಮನಾಯಿತು. ಮ್ಯಾನೇಜರುಗಳು ಸಹಿ ಹಾಕಿದ್ದ ಪಟ್ಟಿಯ ಪ್ರಕಾರ ಪ್ರತಿ ಪೆಟ್ಟಿಗೆಗೂ ಮೊಬೈಲಿನಲ್ಲಿ ಮೂರು ಸಲ ಒತ್ತಬೇಕಿತ್ತು. ದಿನವಿಡೀ ಪೆಟ್ಟಿಗೆ ಕೆಳಗಿಟ್ಟು, ಒತ್ತಿ, ಮತ್ತೆ ಬಗ್ಗಿ ಎತ್ತುವ ಸೊಂಟ ಯಾರದು ಎಂದು ಯಾರೂ ಕೇಳಿರಲಿಲ್ಲ. ಆ ಚೀಟಿಯೇ ಕೊನೆಗೆ ‘ಪೆಟ್ಟಿಗೆ ಕೆಳಗಿಡದೆ ನಮೂದಾಗಬೇಕು’ ಎಂಬ ರಿಕ್ವೈರ್ಮೆಂಟ್ ಆಯಿತು. ಬೆರಳಿಗೆ ತೊಡುವ ಸ್ಕ್ಯಾನರ್ ಬಂತು.

ಹಾಗಂತ ಎಲ್ಲ ಕಾರ್ಯಾಗಾರವೂ ಹೀಗಿರುವುದಿಲ್ಲ. ಬಣ್ಣದ ಚೀಟಿ, ಸಮೋಸಾ, ಗ್ರೂಪ್ ಫೋಟೊದಲ್ಲಿ ಮುಗಿದವನ್ನು ಬೇಕಾದಷ್ಟು ನೋಡಿದ್ದೇನೆ. ಚೀಟಿಯನ್ನು ಪರೀಕ್ಷಿಸಿ ನೋಡಬಹುದಾದ ವಾಕ್ಯವಾಗಿ ತಿದ್ದುವ ಬೇಸರದ ಕೆಲಸಕ್ಕೆ ಮರುದಿನ ಯಾರೂ ಬರುವುದಿಲ್ಲ. ನಾವು ಕೂತು ತಿದ್ದಿದಾಗ ಮುಕ್ಕಾಲು ಪಾಲು ಚೀಟಿ ಬಿದ್ದುಹೋದವು. ‘ಪೆಟ್ಟಿಗೆಗಳನ್ನು ಡ್ರೋನ್ ಎತ್ತಲಿ’ ಎಂಬುದೂ ಅವುಗಳಲ್ಲಿತ್ತು. ಅದನ್ನು ಬರೆದದ್ದು ಮಾತ್ರ ಹಮಾಲರಲ್ಲ, ನಮ್ಮ ಎಂಜಿನಿಯರುಗಳೇ.